ಗಾಳಿ ತುಂಬುವ 10 ಅಡಿ 6 ಇಂಚಿನ ಬೋರ್ಡ್ ಮೇಲೆ ನಿಂತು ಕೆರೆಯಲ್ಲಿ ಪ್ಯಾಡಲ್ ಮಾಡಿ (ಸ್ಟ್ಯಾಂಡ್-ಅಪ್ ಪ್ಯಾಡಲಿಂಗ್) ಅಭ್ಯಾಸ ಇದೆ. 1–2 ಅಡಿ ಅಲೆಗಳಲ್ಲಿ ಆರಾಮಾಗಿ ಒಂದು ದಿನ ಸರ್ಫ್ ಮಾಡಬಹುದಾ, ಇಲ್ಲ 8 ಅಡಿ ಚಿಲ್ಲರೆಯ ಚಿಕ್ಕ ಬೋರ್ಡ್ ಕೊಂಡು 4 ಅಡಿಯ ದೊಡ್ಡ ಅಲೆಗೆ ಕಾಯಬೇಕಾ? 1–2 ಅಡಿಯಾದರೆ ಅಲೆ ಸಣ್ಣದು, ಹಾಗಾಗಿ ಪೆಟ್ಟಾಗುವ ಭಯ ಇಲ್ಲ.

ಹೋಗಿ. ದೊಡ್ಡ ಅಲೆಗೆ ಕಾಯಬೇಡಿ, ಹೊಸ ಬೋರ್ಡೂ ಕೊಳ್ಳಬೇಡಿ. ಆದರೆ "ಅಲೆ ಸಣ್ಣದು, ಹಾಗಾಗಿ ಪೆಟ್ಟಾಗುವ ಭಯ ಇಲ್ಲ" ಅಂತ ಬರೆದಿದ್ದೀರಲ್ಲ, ಆ ಸಾಲನ್ನು ಮಾತ್ರ ವಾಪಸ್ ತಗೊಳ್ಳಿ. ನಾನೂ ನಿಮ್ಮ ಹಾಗೇ ಕೆರೆಯಲ್ಲಿ ನಿಂತು ಪ್ಯಾಡಲ್ ಮಾಡುತ್ತಾ ಕಲಿತವನು. ನನ್ನದೂ ನಿಮ್ಮದರಂತೆ ಗಾಳಿ ತುಂಬುವ 10 ಅಡಿ 6 ಇಂಚಿನ ಬೋರ್ಡೇ. ಇದೇ ಮಾತು ಹೇಳಿಕೊಂಡೇ ಸಮುದ್ರಕ್ಕೆ ಇಳಿದೆ, ಮೊಣಕಾಲು ಕೆಡಿಸಿಕೊಂಡು ಬಂದೆ.

ಅವತ್ತು ಮುನ್ಸೂಚನೆಯಲ್ಲಿ ಅಲೆಯ ಎತ್ತರ 1ರಿಂದ 2 ಅಡಿ ಅಂತಿತ್ತು. ನಾನು ನೋಡಿದ್ದು ಅಷ್ಟೇ. ಪಕ್ಕದಲ್ಲಿ 11 ಸೆಕೆಂಡ್ ಅಂತ ಇನ್ನೊಂದು ಅಂಕಿ ಇತ್ತು, ಅದಕ್ಕೆ ಗಮನವನ್ನೇ ಕೊಡಲಿಲ್ಲ. ಒಂದು ಅಲೆಯಿಂದ ಇನ್ನೊಂದು ಅಲೆಗೆ ಇರುವ ಅಂತರ ಅದು. ಎತ್ತರ ಒಂದೇ ಇದ್ದರೂ 5 ಸೆಕೆಂಡಿನ ಅಲೆಯೇ ಬೇರೆ, 11 ಸೆಕೆಂಡಿನದೇ ಬೇರೆ. 5 ಸೆಕೆಂಡಿನದು ಅಲ್ಲೇ ಹತ್ತಿರದ ಗಾಳಿ ಕೆದರಿದ ನೀರು. ಒಂದರ ಬೆನ್ನಿಗೆ ಒಂದು ಬರುತ್ತದೆ, ಎದ್ದು ನಿಲ್ಲೋಕೂ ಬಿಡುವುದಿಲ್ಲ. 11 ಸೆಕೆಂಡಿನದು ದೂರದ ಸಮುದ್ರದಲ್ಲಿ ಬೀಸಿದ ಬಿರುಗಾಳಿಯಿಂದ ಹೊರಟು ಬಂದದ್ದು. ನಡುವೆ ಬೇಕಾದಷ್ಟು ಪುರುಸೊತ್ತು ಸಿಗುತ್ತದೆ, ಆಚೆಗೆ ನೋಡಿದರೆ ಸಮುದ್ರ ಸುಮ್ನೆ ಮಲಗಿದೆ ಅನ್ನಿಸುತ್ತದೆ, ಆದರೆ ಅದರಲ್ಲಿ ಶಕ್ತಿ ಜಾಸ್ತಿ, ಆಳ ಕಡಿಮೆಯಾಗುತ್ತಾ ಬಂದ ಹಾಗೆ ನಾವು ಎಣಿಸಿದ್ದಕ್ಕಿಂತ ಮೇಲಕ್ಕೆ ಏಳುತ್ತದೆ. ಇಂಥ ಅಲೆಗಳು ಗುಂಪು ಗುಂಪಾಗಿ ಬರುತ್ತವೆ. ಸರ್ಫ್ ಮಾಡುವವರು ಇದಕ್ಕೆ ಸೆಟ್ ಅನ್ನುತ್ತಾರೆ. ಎಷ್ಟೋ ಹೊತ್ತು ಏನೂ ಇರುವುದಿಲ್ಲ, ಆಮೇಲೆ ಉಳಿದವಕ್ಕಿಂತ ದೊಡ್ಡವು ಮೂರು ನಾಲ್ಕು ಸಾಲಾಗಿ ಬರುತ್ತವೆ. ನನಗೆ ಹೊಡೆದದ್ದು ಅಂಥದ್ದೇ ಒಂದು.

ಹಾಗಂತ ಆ ಬೆಳಗ್ಗೆ ಕೆಟ್ಟದಾಗಿತ್ತು ಅಂದುಕೊಳ್ಳಬೇಡಿ. ಅಷ್ಟು ಚೆನ್ನಾಗಿದ್ದ ಬೆಳಗ್ಗೆ ನನಗೆ ಮತ್ತೆ ಅಪರೂಪಕ್ಕೆ ಸಿಕ್ಕಿದೆ. ಗಾಳಿ ಇರಲಿಲ್ಲ, ನೀರು ಎಣ್ಣೆ ಹಾಕಿ ಸವರಿದ ಹಾಗೆ ನುಣುಪಾಗಿತ್ತು. ಮಲಗಿ ಕೈಯಲ್ಲಿ ನೀರು ತಳ್ಳಿಕೊಂಡು ಹೋಗುವ ಸರ್ಫರ್‌ಗಳು ಬಂದು ನೋಡಿ ವಾಪಸ್ ಹೊರಟರು, ಅವರ ಚಿಕ್ಕ ಬೋರ್ಡುಗಳಿಗೆ ಅಲ್ಲಿ ಏನೂ ಸಿಗುತ್ತಿರಲಿಲ್ಲ. ನಮಗೆ ಸಿಗುತ್ತದೆ. ಬೋರ್ಡ್ ಉದ್ದ, ಚೆನ್ನಾಗಿ ತೇಲುತ್ತದೆ, ಕೈಯಲ್ಲಿ ಪ್ಯಾಡಲ್ ಬೇರೆ ಇದೆ. ಅಲೆ ಮುರಿಯುವ ಮೊದಲೇ ಅದರ ವೇಗಕ್ಕೆ ಹೋಗಿ ಸೇರಿಕೊಳ್ಳಬಹುದು. ನಿಂತೇ ಇರುವುದರಿಂದ ದೂರದಲ್ಲಿ ನೀರು ಉಬ್ಬುವುದೂ ಬೇಗ ಕಾಣುತ್ತದೆ. ಈ ಆಟದ ಬೇರಿರುವುದೂ ಇಂಥ ಅಲೆಗಳಲ್ಲೇ. ಹವಾಯಿಯ ವೈಕೀಕಿಯಲ್ಲಿ ಪ್ರವಾಸಿಗರಿಗೆ ಸರ್ಫಿಂಗ್ ಕಲಿಸುತ್ತಿದ್ದವರಲ್ಲಿ ಕೆಲವರು 20ನೇ ಶತಮಾನದ ಮಧ್ಯದಲ್ಲೇ ಬೋರ್ಡ್ ಮೇಲೆ ನಿಂತು ಪ್ಯಾಡಲ್ ಹಾಕುತ್ತಿದ್ದರು. ವೈಕೀಕಿ ಅಂದರೆ ಉದ್ದಕ್ಕೆ ನಿಧಾನವಾಗಿ ಉರುಳಿ ಬರುವ ಅಲೆಗಳಿಗೆ ಹೆಸರಾದ ಜಾಗ. ಲೇರ್ಡ್ ಹ್ಯಾಮಿಲ್ಟನ್, ಡೇವ್ ಕಲಾಮಾ ಥರದ ಹವಾಯಿಯ ಸರ್ಫರ್‌ಗಳು ಅದನ್ನು ದೊಡ್ಡ ಅಲೆಗಳಿಗೆ ಒಯ್ದು ಜಗತ್ತಿಗೆಲ್ಲ ಗೊತ್ತು ಮಾಡಿದ್ದು ಆಮೇಲೆ, 2000ದ ಆಸುಪಾಸಿನಲ್ಲಿ. ಸಣ್ಣ ಅಲೆ ಅಂದರೆ ದೊಡ್ಡದು ಸಿಗದವರಿಗೆ ಅಂತ ಯಾರೋ ನಿಮಗೆ ಹೇಳಿದ್ದಾರೆ, ಅದನ್ನು ತಲೆಯಿಂದ ತೆಗೆದುಹಾಕಿ.

ಮೊದಲ ಕೆಲವು ಅಲೆಗಳು ತಪ್ಪಿಹೋದವು. ಕೆರೆಯಲ್ಲಿ ಎರಡೂ ಪಾದ ಅಕ್ಕಪಕ್ಕ ಇಟ್ಟು ನಿಲ್ಲುತ್ತೇವಲ್ಲ, ಹಾಗೇ ನಿಂತಿದ್ದೆ. ಅಲೆ ಹಿಂದಿನಿಂದ ಎತ್ತಿದ ತಕ್ಷಣ ಬೋರ್ಡಿನ ಮೂತಿ ನೀರಿಗೆ ಹೊಕ್ಕು ನಿಂತುಬಿಡುತ್ತಿತ್ತು, ನಾನು ಮುಂದಕ್ಕೆ ಹಾರಿ ಬೀಳುತ್ತಿದ್ದೆ. ಆಮೇಲೆ ಒಂದು ಪಾದ ಅರ್ಧ ಹೆಜ್ಜೆ ಹಿಂದಿಟ್ಟು ನಿಲ್ಲೋಕೆ ಶುರು ಮಾಡಿದೆ. ಅಲೆ ಹತ್ತಿರ ಬರುವ ತುಂಬ ಮೊದಲೇ ಮೂತಿಯನ್ನು ದಡದ ಕಡೆ ತಿರುಗಿಸಿ, ನಿಧಾನವಾಗಿ ಪ್ಯಾಡಲ್ ಹಾಕುತ್ತಾ ಇದ್ದು, ಹಿಂಭಾಗ ಮೇಲೇಳುವಾಗ ನಾಲ್ಕು ಬಿರುಸಿನ ಎಳೆತ ಎಳೆದು, ಬೋರ್ಡ್ ತಾನಾಗಿ ಜಾರೋಕೆ ಶುರುವಾದ ಕೂಡಲೇ ಹಿಂದಿನ ಪಾದವನ್ನು ಇನ್ನಷ್ಟು ಹಿಂದೆ ತಗೊಂಡು ಮಂಡಿ ಬಗ್ಗಿಸಿದರೆ ಸಾಕು, ಮೊಣಕಾಲೆತ್ತರದ ಅಲೆಯೂ ದಡದವರೆಗೆ ಕರೆದುಕೊಂಡು ಬರುತ್ತದೆ. ಪ್ಯಾಡಲ್ ನೀರಿನಿಂದ ಎತ್ತಿ ಹಿಡಿದುಕೊಳ್ಳಬೇಡಿ, ಅದನ್ನು ಹಿಂದೆ ನೀರಿಗೆ ತಾಗಿಸಿಕೊಂಡೇ ಇದ್ದರೆ ಮೂರನೇ ಕಾಲಿನ ಕೆಲಸ ಮಾಡುತ್ತದೆ. ಬೆಳಗ್ಗೆ ಪೂರ್ತಿ ಇದೇ ಆಟ ಆಡಿದೆ.

ಈಗ ಪೆಟ್ಟು ಬಿದ್ದ ಕತೆ. ಬಾಯಾರಿಕೆ ಆಗಿ ದಡಕ್ಕೆ ಬಂದೆ. ನೀರು ಮೊಣಕಾಲುದ್ದಕ್ಕಿಂತ ಸ್ವಲ್ಪ ಜಾಸ್ತಿ ಇದ್ದ ಕಡೆ ಬೋರ್ಡಿನಿಂದ ಇಳಿದೆ. ಬಲಗೈಯಲ್ಲಿ ಪ್ಯಾಡಲ್. ಎಡಗೈಯಲ್ಲಿ ಬೋರ್ಡಿನ ನಡುವಿನ ಹಿಡಿಕೆ. ಇಳಿದವನೇ ದಡದ ಕಡೆ ಮುಖ ಮಾಡಿ, ಚೀಲ ಎಲ್ಲಿಟ್ಟಿದ್ದೆ ಅಂತ ಹುಡುಕುತ್ತಾ ನಡೆದೆ. ಬೋರ್ಡ್ ನನ್ನ ಎಡಕ್ಕೆ ಇತ್ತು, ನಾನು ಓರೆಯಾಗಿ ನಡೆಯುತ್ತಿದ್ದೆ, ಹಾಗಾಗಿ ಎರಡು ಹೆಜ್ಜೆಯಲ್ಲಿ ಬೋರ್ಡ್ ತಿರುಗಿ ದಡಕ್ಕೆ ಸಮಾನಾಂತರವಾಗಿ ಅಡ್ಡ ನಿಂತಿತು. ಅಂದರೆ ಹೀಗೆ: ಮೊದಲು ಸಮುದ್ರ, ಆಮೇಲೆ ಅಡ್ಡ ನಿಂತ ಬೋರ್ಡ್, ಆಮೇಲೆ ಅದಕ್ಕೆ ಒರಗಿದ ಹಾಗೆ ನಾನು. ಇದೊಂದೇ ತಪ್ಪು. ಬೇರೆ ಏನೂ ಅಲ್ಲ. ಕೆರೆಯಲ್ಲಿ ಇದನ್ನು ಎಷ್ಟು ಸಲ ಮಾಡಿದ್ದೆನೋ ಲೆಕ್ಕ ಇಲ್ಲ, ಅಲ್ಲಿ ಬೋರ್ಡಿನ ಯಾವ ಪಕ್ಕದಲ್ಲಿ ಇಳಿದರೂ ಏನೂ ವ್ಯತ್ಯಾಸ ಆಗುವುದಿಲ್ಲ. ಅದೇ ಅಭ್ಯಾಸ ಇಲ್ಲೂ ಬಂತು.

ಸೆಟ್‌ನ ಅಲೆ ಹಿಂದಿನಿಂದ ಬಂತು. ತೊಡೆಯೆತ್ತರ ಇದ್ದಿರಬೇಕು, ಮುರಿದು ನೊರೆಯಾಗಿ ಬರುತ್ತಿತ್ತು. ನಾನು ಒಬ್ಬನೇ ನಿಂತಿದ್ದರೆ ಅದು ಕಾಲಿನ ಅತ್ತಿತ್ತ ಹರಿದುಹೋಗುತ್ತಿತ್ತು, ಜಾಸ್ತಿ ಅಂದರೆ ಒಂದು ಹೆಜ್ಜೆ ಮುಗ್ಗರಿಸುತ್ತಿದ್ದೆ. ಆದರೆ ಅದಕ್ಕೆ ಸಿಕ್ಕಿದ್ದು ನನ್ನ ಕಾಲಲ್ಲ, ಹತ್ತು ಅಡಿ ಉದ್ದದ, ಆರು ಇಂಚು ದಪ್ಪದ ಒಂದು ಗೋಡೆ. ಆ ಹತ್ತು ಅಡಿ ಉದ್ದಕ್ಕೂ ಬಿದ್ದ ತಳ್ಳುವಿಕೆಯೆಲ್ಲ ಸೇರಿ ಬೋರ್ಡಿನ ಅಂಚಿನಿಂದ ನನ್ನ ಎಡ ಮೊಣಕಾಲಿನ ಹೊರಬದಿಗೆ ಬಂತು. ಒಂದು ಘನ ಮೀಟರ್ ಸಮುದ್ರದ ನೀರು ಸುಮಾರು 1025 ಕಿಲೋ ತೂಗುತ್ತದೆ. ಮೊಣಕಾಲುದ್ದ ನೀರಿನಲ್ಲೂ ಅಲೆ ಗಂಟೆಗೆ ಸುಮಾರು 8 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ, ಅಂದರೆ ನಾವು ನಿಧಾನಕ್ಕೆ ಓಡುವ ವೇಗ. ಪಾದ ಅಷ್ಟರಲ್ಲಿ ಮರಳಿನಲ್ಲಿ ಹುಗಿದಿತ್ತು, ಹಿಂದಕ್ಕೆ ಎಳೆಯುವ ನೀರು ಅದರ ಸುತ್ತ ಮರಳು ತುಂಬಿಸಿತ್ತು. ಪಾದ ಅಲ್ಲೇ ಉಳಿಯಿತು, ಮೊಣಕಾಲು ಒಳಕ್ಕೆ ಹೋಯಿತು. ಒಳಬದಿಯ ಅಸ್ಥಿರಜ್ಜು, ಲಿಗಮೆಂಟ್ ಅನ್ನುತ್ತಾರಲ್ಲ, ಅದು ಅರ್ಧ ಹರಿದಿತ್ತು. ಬೋರ್ಡನ್ನು ತಕ್ಷಣ ಕೈಬಿಟ್ಟಿದ್ದರೂ ಪ್ರಯೋಜನ ಇರಲಿಲ್ಲ, ಅದು ಬರಬೇಕಾದ ದಾರಿಯಲ್ಲೇ ನಾನಿದ್ದೆ. ಆ ಋತುವಿನ ಒಳ್ಳೆಯ ಅಲೆಗಳೆಲ್ಲ ಕಾಲಿಗೆ ಪಟ್ಟಿ ಕಟ್ಟಿಕೊಂಡು ದಡದಲ್ಲಿ ಕೂತು ನೋಡಿದ್ದೇ ಆಯಿತು.

ಇದನ್ನು ಇಷ್ಟು ಎಳೆದು ಹೇಳುವುದಕ್ಕೆ ಕಾರಣ ಇದೆ. ಅಲೆ ಸಾಮಾನ್ಯವಾಗಿ ತನ್ನ ಎತ್ತರದ 1.3 ಪಟ್ಟು ಆಳದ ನೀರಿಗೆ ಬಂದಾಗ ಮುರಿಯುತ್ತದೆ. 2 ಅಡಿ ಅಲೆ ಸುಮಾರು ಎರಡೂವರೆ ಅಡಿ ನೀರಲ್ಲಿ ಮುರಿಯುತ್ತದೆ, 4 ಅಡಿಯದು ಐದು ಅಡಿಗಿಂತ ಆಳದಲ್ಲಿ. ಐದು ಅಡಿ ನೀರಲ್ಲಿ ನೀವು ಬೋರ್ಡ್ ಮೇಲಿರುತ್ತೀರಿ, ಇಲ್ಲ ಈಜುತ್ತಿರುತ್ತೀರಿ. ಎರಡೂವರೆ ಅಡಿ ನೀರಲ್ಲಿ ನಿಂತಿರುತ್ತೀರಿ, ಹತ್ತುತ್ತಿರುತ್ತೀರಿ, ಇಳಿಯುತ್ತಿರುತ್ತೀರಿ. ಸಣ್ಣ ಅಲೆಯ ದಿನ ಅಲೆ ಮುರಿಯುವುದು ಸರಿಯಾಗಿ ನಿಮ್ಮ ಕಾಲು ನೆಲಕ್ಕೆ ಊರಿರುವ ಜಾಗದಲ್ಲಿ. ದೊಡ್ಡ ಅಲೆಯ ದಿನ ಎಲ್ಲರೂ ಎಚ್ಚರವಾಗಿರುತ್ತಾರೆ. ಸಣ್ಣದಿರುವ ದಿನ ನಮ್ಮ ಗಮನವೂ ಆ ಎರಡೂವರೆ ಅಡಿ ನೀರಲ್ಲೇ ತಪ್ಪುತ್ತದೆ.

ಹಾಗಾದರೆ ಏನು ಮಾಡಬೇಕು? ಬೋರ್ಡ್ ಯಾವಾಗಲೂ ಅಲೆಗೆ ನೇರ, ಎಂದೂ ಅಡ್ಡ ಅಲ್ಲ. ಒಳಗೆ ಹೋಗುವಾಗ ಮೂತಿ ಸಮುದ್ರದ ಕಡೆ ಇರಲಿ, ನೀವು ಬೋರ್ಡಿನ ಪಕ್ಕದಲ್ಲಿ, ನಡುವಿನಿಂದ ಹಿಂತುದಿಯ ಕಡೆಗೆ ನಿಂತು ನಡೆಸಿಕೊಂಡು ಹೋಗಿ, ಅಲೆ ಬಂದಾಗ ಹಿಂಭಾಗ ಅದುಮಿ ಮೂತಿಯನ್ನು ಅದರ ಮೇಲೆ ಹತ್ತಿಸಿ. ವಾಪಸ್ ಬರುವಾಗ ಬೋರ್ಡಿನ ಅಡಿಯ ರೆಕ್ಕೆ, ಅಂದರೆ ಫಿನ್, ಮರಳಿಗೆ ತಾಗುವ ಮೊದಲೇ ಮಂಡಿಯೂರಿ ಕೂತು, ಹಿಂದಿನಿಂದ, ಅಂದರೆ ಸಮುದ್ರದ ಬದಿಯಿಂದ ಇಳಿಯಿರಿ. ಬೋರ್ಡ್ ನಿಮಗಿಂತ ದಡಕ್ಕೆ ಹತ್ತಿರ ಇರಬೇಕು. ಅಲೆ ಬಂದರೆ ಅದು ಬೋರ್ಡನ್ನು ನಿಮ್ಮಿಂದ ದೂರ ತಳ್ಳುತ್ತದೆ, ಬೇಕಾದರೆ ಲೀಶ್, ಅಂದರೆ ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ, ಹಿಡಿದುಕೊಳ್ಳಿ. ಮುಖ ಸಮುದ್ರದ ಕಡೆಗೇ ಇರಲಿ. ಪೂರ್ತಿ ಒಣ ಮರಳಿಗೆ ಬರುವವರೆಗೂ ಚೀಲ ಹುಡುಕಬೇಡಿ, ಯಾರಿಗೂ ಕೈ ಬೀಸಬೇಡಿ. ಬೀಳುವಾಗ ಧುಮುಕಬೇಡಿ, ಮರಳು ನೀವು ಅಂದುಕೊಂಡಿದ್ದಕ್ಕಿಂತ ಹತ್ತಿರ ಇರುತ್ತದೆ. ಬೋರ್ಡಿನಿಂದ ದೂರಕ್ಕೆ, ಚಪ್ಪಟೆಯಾಗಿ, ಬೆನ್ನಿನ ಮೇಲೋ ಪಕ್ಕಕ್ಕೋ ಬೀಳಿ. ಮೇಲೆ ಬರುವಾಗ ಒಂದು ಕೈ ತಲೆಯ ಮೇಲಿರಲಿ.

4 ಅಡಿ ಅಲೆಗೆ ಕಾಯುತ್ತೇನೆ ಅಂದಿರಿ. ಯಾಕೆ? ಕೆರೆಯಿಂದ ನೇರ ಅಲ್ಲಿಗೆ ಹೋದರೆ ನೀವು ಕಲಿಯುವುದು ಒಂದೇ, ನೊರೆಯಲ್ಲಿ ಬಿದ್ದು ಮತ್ತೆ ಬೋರ್ಡ್ ಹತ್ತುವುದು. ಸಣ್ಣ ಅಲೆಯಲ್ಲಿ ಒಂದು ಬೆಳಗ್ಗೆಗೆ ಸಿಗುವಷ್ಟು ಅಲೆಗಳು ದೊಡ್ಡದರಲ್ಲಿ ಹೊಸಬರಿಗೆ ಎಷ್ಟೋ ದಿನ ಹೋದರೂ ಸಿಗುವುದಿಲ್ಲ. ಆರಾಮ ಬೇಕು ಅಂದರೆ ಎತ್ತರದ ಅಂಕಿ ನೋಡಿ ದಿನ ಆರಿಸಬೇಡಿ, ಮೊದಲು ಗಾಳಿ ನೋಡಿ. 10 ನಾಟ್‌ಗಿಂತ ಕಡಿಮೆ ಇರಲಿ, ಅಂದರೆ ಗಂಟೆಗೆ ಸುಮಾರು 18 ಕಿಲೋಮೀಟರ್. ನಿಂತ ಮೈ ಹಾಯಿಯ ಕೆಲಸ ಮಾಡುತ್ತದೆ, ನಮಗೆ ತಾಗುವಷ್ಟು ಗಾಳಿ ಮಲಗಿ ಹೋಗುವವರಿಗೆ ತಾಗುವುದಿಲ್ಲ. ದಡದಿಂದ ಸಮುದ್ರದ ಕಡೆ ಬೀಸುವ ಗಾಳಿ ಅಲೆಯ ಮುಖವನ್ನು ಚೆಂದ ಮಾಡುತ್ತದೆ, ಸರ್ಫರ್‌ಗಳು ಅದನ್ನು ಹೊಗಳುತ್ತಾರೆ. ಅದೇ ಗಾಳಿ ಜೋರಾದರೆ ನಿಮ್ಮನ್ನು ಆಚೆಗೆ ಒಯ್ಯುತ್ತದೆ. ಹಾಗಾದರೆ ಬೋರ್ಡ್ ಮೇಲೆ ಹೊಟ್ಟೆಯಡಿ ಮಲಗಿ, ಪ್ಯಾಡಲನ್ನು ಎದೆಯ ಕೆಳಗೆ ಹಾಕಿಕೊಂಡು ಕೈಯಲ್ಲೇ ಬನ್ನಿ. ಬೆಳಗ್ಗೆ ಬೇಗ ಹೋಗುವುದೂ ಇದಕ್ಕೇ. ಬಿಸಿಲೇರಿದ ಮೇಲೆ ನೆಲ ಸಮುದ್ರಕ್ಕಿಂತ ಬೇಗ ಕಾದು, ಸಮುದ್ರದ ಕಡೆಯಿಂದ ಗಾಳಿ ಶುರುವಾಗುತ್ತದೆ, ನುಣುಪೆಲ್ಲ ಹೋಗುತ್ತದೆ. ಇನ್ನು ಉಬ್ಬರ ಇಳಿತ. ಕೆಲವು ದಡಗಳಲ್ಲಿ ಪೂರ್ತಿ ಉಬ್ಬರವಿದ್ದಾಗ ಅಲೆ ನೇರ ದಡದ ಮೇಲೇ ಬಂದು ಅಪ್ಪಳಿಸುತ್ತದೆ. ಅಂಥ ಹೊತ್ತಲ್ಲಿ ಅಲೆ ಅಂಗೈಯಷ್ಟಿದ್ದರೂ ಇಳಿಯಬೇಡಿ. ಹೋದ ಕೂಡಲೇ ನೀರಿಗೆ ಹಾರದೆ ಒಂದಿಷ್ಟು ಹೊತ್ತು ದಡದಲ್ಲಿ ನಿಂತು ನೋಡಿ, ಒಂದು ಸೆಟ್ ಆದರೂ ಕಣ್ಣಿಗೆ ಬೀಳಲಿ. ಅಕ್ಕಪಕ್ಕ ಅಲೆ ಮುರಿಯುತ್ತಿದ್ದು ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಮುರಿಯುತ್ತಿಲ್ಲ, ನೀರು ಮಣ್ಣು ಬಣ್ಣಕ್ಕಿದೆ ಅಂದರೆ ಅದು ರಿಪ್ ಕರೆಂಟ್, ದಡದಿಂದ ಆಚೆಗೆ ಎಳೆದೊಯ್ಯುವ ನೀರಿನ ಸೆಳೆತ. ಶಾಂತವಾಗಿದೆ ಅಂತ ಹೊಸಬರು ಅಲ್ಲೇ ಇಳಿಯುತ್ತಾರೆ. ಅದರಲ್ಲಿ ಸಿಕ್ಕರೆ ಬೋರ್ಡ್ ಬಿಡಬೇಡಿ, ದಡದ ಕಡೆಗೆ ಗುದ್ದಾಡದೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಿರಿ, ಆಮೇಲೆ ದಡಕ್ಕೆ ಬನ್ನಿ.

ಅಲ್ಲಿ ಬೇರೆ ಸರ್ಫರ್‌ಗಳಿದ್ದರೆ ದೂರ ಇರಿ. ನಾಚಿಕೆಗೆ ಹೇಳುತ್ತಿಲ್ಲ, ಲೆಕ್ಕ ಹಾಕಿ: ಬೋರ್ಡ್ ಹತ್ತು ಅಡಿ, ಲೀಶ್ ಹತ್ತು ಅಡಿ, ನೀವು ಬಿದ್ದರೆ ಇಪ್ಪತ್ತು ಅಡಿ ದೂರದವರೆಗೆ ಯಾರಿಗೆ ಬೇಕಾದರೂ ಬೋರ್ಡ್ ಬಡಿಯಬಹುದು. ಅಲೆ ಮೊದಲು ಮುರಿಯುವ ಜಾಗಕ್ಕೆ ಯಾರು ಹತ್ತಿರ ಇದ್ದಾರೋ ಅಲೆ ಅವರದು. ನಿಮಗೆ ಪ್ಯಾಡಲ್ ಇರುವುದರಿಂದ ಎಲ್ಲ ಅಲೆಗಳನ್ನೂ ಎಲ್ಲರಿಗಿಂತ ಮೊದಲು ಹಿಡಿಯಬಹುದು. ಹಿಡಿಯಬೇಡಿ. ನಮ್ಮವರಿಗೆ ನೀರಿನಲ್ಲಿ ಕೆಟ್ಟ ಹೆಸರು ಬಂದಿರುವುದೇ ಈ ದುರಾಸೆಯಿಂದ.

ಇನ್ನು ನಿಮ್ಮ ಬೋರ್ಡಿನ ಪ್ರಶ್ನೆ. 8 ಅಡಿ ಚಿಲ್ಲರೆಯ ಸರ್ಫ್ ಬೋರ್ಡ್ ನೋಡಿಟ್ಟಿದ್ದೀರಿ. ಅದರ ಮೇಲೆ ನೀವು ಈಗ ನಿಲ್ಲಲಾರಿರಿ, ಅಲೆಗೆ ಕಾಯುವಾಗಲೇ ಬೀಳುತ್ತಿರುತ್ತೀರಿ, ಆರಾಮದ ದಿನ ಅಲ್ಲಿಗೇ ಮುಗಿಯಿತು. ಈಗಿರುವ 32 ಇಂಚು ಅಗಲದ್ದೇ ಇರಲಿ. ಗಾಳಿ ತುಂಬುವ ಬೋರ್ಡಿನ ದಪ್ಪ ಅಂಚು ಅಲೆಯ ಮುಖಕ್ಕೆ ಕಚ್ಚುವುದಿಲ್ಲ, ಹಾಗಾಗಿ ಬೇಕಾದ ಹಾಗೆ ತಿರುಗುವುದಿಲ್ಲ, ನೇರ ಹೋಗುತ್ತದೆ. ಹೋಗಲಿ ಬಿಡಿ, 1 ಅಡಿ ಅಲೆಯಲ್ಲಿ ನೇರ ಹೋಗುವುದೇ ಒಂದು ಮಜಾ. ತಯಾರಕರು ಹೇಳಿದಷ್ಟು ಗಾಳಿ ತುಂಬಿ, ಒತ್ತಡ ಸಾಮಾನ್ಯವಾಗಿ 15 ಪಿಎಸ್‌ಐ ಆಸುಪಾಸು, ಪಂಪ್ ಹೊಡೆದು ಸುಸ್ತಾಯಿತು ಅಂತ 10ಕ್ಕೆ ನಿಲ್ಲಿಸಿದರೆ ನಡುವೆ ಬಾಗುತ್ತದೆ. ಪ್ಯಾಡಲ್ ಚಿಕ್ಕದು ಮಾಡಿ. ಕೆರೆಯಲ್ಲಿ ತಲೆಗಿಂತ 8ರಿಂದ 10 ಇಂಚು ಎತ್ತರ ಇಟ್ಟುಕೊಂಡಿರುತ್ತೀರಿ, ಇಲ್ಲಿ 4ರಿಂದ 6 ಸಾಕು, ಮಂಡಿ ಬಗ್ಗಿಸಿಯೇ ನಿಂತಿರುತ್ತೀರಲ್ಲ. ಕೆರೆಯ ಉದ್ದ ಫಿನ್ ತೆಗೆದು ಚಿಕ್ಕದು ಹಾಕಿ, 9 ಇಂಚಿನದು ಆಳವಿಲ್ಲದ ಕಡೆ ಮರಳಿಗೆ ಸಿಕ್ಕಿ ಬೋರ್ಡ್ ತಟ್ಟನೆ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಸುರುಳಿ ಲೀಶ್ ಬೇಡ, ಬಿದ್ದಾಗ ಬೋರ್ಡನ್ನು ಸ್ಪ್ರಿಂಗಿನಂತೆ ನಿಮ್ಮ ಮೇಲೇ ಎಳೆದು ತರುತ್ತದೆ. ಬೋರ್ಡಿನಷ್ಟೇ ಉದ್ದದ ನೇರ ಲೀಶ್ ತಗೊಂಡು ಹಿಂದಿನ ಕಾಲಿನ ಹರಡಿಗೆ ಕಟ್ಟಿ.

ಇದೇ ಬೋರ್ಡಿನಲ್ಲಿ ಅಲೆ ಹಿಡಿದು, ಎಡಕ್ಕೂ ಬಲಕ್ಕೂ ಓರೆಯಾಗಿ, ನೊರೆಗೆ ಸಿಗದೆ ಜಾರಿಕೊಂಡು ಹೋಗೋಕೆ ಬಂದ ಮೇಲೆ ಗಟ್ಟಿ ಬೋರ್ಡ್ ನೋಡಿ, ಆಗಲೂ 9 ಅಡಿಗಿಂತ ಕಡಿಮೆ ಬೇಡ. ಅಷ್ಟರೊಳಗೆ ದುಡ್ಡು ಕೈಯಲ್ಲಿ ಕಡಿಯುತ್ತಿದ್ದರೆ ಒಂದು ಹೆಲ್ಮೆಟ್ ತಗೊಳ್ಳಿ. ಯಾರಾದರೂ ನಕ್ಕರೆ ನಗಲಿ.